ವ್ಯಾಯಾಮದ ವೇಳೆ ಪಾದ ಜೋಮು ಹಿಡಿಯುವುದೇಕೆ?

ದಾವಣಗೆರೆ ಹಿಂದಿನಿಂದಲೂ ಗರಡಿಮನೆಗಳ ಊರು. ಬೆಳಗಿನ ಜಾವ ಬರಿಗಾಲಿನಲ್ಲಿ ಮಣ್ಣಿನ ಮೇಲೆ ಸಾಮು ಮಾಡಿ, ಆಮೇಲೆ ಹತ್ತಿಗಿರಣಿಯ ಪಾಳಿಗೆ ನಡೆದೇ ಹೋಗುತ್ತಿದ್ದ ತಲೆಮಾರೊಂದು ಇಲ್ಲಿ ಬಾಳಿ ಹೋಗಿದೆ. ಅವರಿಗೆ ಪ್ರತ್ಯೇಕ ವ್ಯಾಯಾಮದ ಅಗತ್ಯವಿರಲಿಲ್ಲ. ಕಾಯಕವೇ ದೇಹವನ್ನು ದುಡಿಸುತ್ತಿತ್ತು. ಇಂದು ನಮ್ಮ ಕಾಯಕದ ಸ್ವರೂಪ ಬದಲಾಗಿದೆ. ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ, ಕಚೇರಿಯ ಗಣಕಯಂತ್ರದ ಮುಂದೆ ದಿನವಿಡೀ ಕುಳಿತಿರುವವರು ದೇಹಶ್ರಮಕ್ಕಾಗಿ ಬೇರೆಯೇ ಹೊತ್ತನ್ನು ತೆಗೆದಿಡಬೇಕಾಗಿದೆ. ಕೆ.ಬಿ. ಬಡಾವಣೆ, ಪಿ.ಜೆ. ಬಡಾವಣೆಗಳಲ್ಲಿಯೂ ಹತ್ತಿರದ ಹರಿಹರದಲ್ಲಿಯೂ ಮುಂಜಾನೆ ಜಿಮ್‌ಗೆ ಹೋಗುವವರಲ್ಲಿ ಈಗ ಯುವಕರಷ್ಟೇ ಇಲ್ಲ. ಐವತ್ತು, ಅರವತ್ತು ದಾಟಿದ ಗೃಹಿಣಿಯರೂ ನಿವೃತ್ತರೂ ಇದ್ದಾರೆ. ಇದು ಸಂತೋಷದ ಬದಲಾವಣೆ.

ಹೀಗೆ ವ್ಯಾಯಾಮಕ್ಕೆ ತೊಡಗಿದವರಲ್ಲಿ ಅನೇಕರು ಹೇಳಿಕೊಳ್ಳುವ ತೊಂದರೆಯೊಂದಿದೆ. ಟ್ರೆಡ್‌ಮಿಲ್‌ನ ಮೇಲೆ ಅಥವಾ ಕ್ರಾಸ್ ಟ್ರೈನರ್‌ನ ಮೇಲೆ ಹತ್ತು ಹದಿನೈದು ನಿಮಿಷ ಕಳೆಯುತ್ತಿದ್ದಂತೆ ಪಾದದಲ್ಲಿ ಜುಮುಜುಮು ಎನ್ನತೊಡಗುತ್ತದೆ; ಇರುವೆ ಹರಿದಂತಾಗುತ್ತದೆ; ಕ್ರಮೇಣ ಬೆರಳುಗಳು ತಮ್ಮವೇ ಅಲ್ಲವೆಂಬಂತೆ ಮರಗಟ್ಟುತ್ತವೆ. ಕೆಲವರು ಇದನ್ನು ಲೆಕ್ಕಿಸದೆ ಮುಂದುವರಿಯುತ್ತಾರೆ. ಕೆಲವರು ಹೆದರಿ ವ್ಯಾಯಾಮವನ್ನೇ ಬಿಡುತ್ತಾರೆ. ಎರಡೂ ಸರಿಯಲ್ಲ. ಬಹುಪಾಲು ಸಂದರ್ಭಗಳಲ್ಲಿ ಇದರ ಕಾರಣ ಬೂಟಿನ ಲೇಸಿನಷ್ಟು ಸಣ್ಣದು. ಕೆಲವೇ ಸಂದರ್ಭಗಳಲ್ಲಿ ಮಾತ್ರ ಇದು ಇಡೀ ದೇಹದ ಕಾಯಿಲೆಯೊಂದರ ಮೊದಲ ಸೂಚನೆ. ಇವೆರಡನ್ನೂ ಬೇರ್ಪಡಿಸಿ ನೋಡುವುದನ್ನು ಕಲಿಯುವುದೇ ಈ ತಿಂಗಳ ನಮ್ಮ ಪಾಠ.

ಇಬ್ಬರ ಚಿತ್ರ

ಪಾಠದ ಅನುಕೂಲಕ್ಕಾಗಿ ಇಬ್ಬರನ್ನು ಕಲ್ಪಿಸಿಕೊಳ್ಳೋಣ. ಮೊದಲನೆಯವರು ಕೆ.ಬಿ. ಬಡಾವಣೆಯಲ್ಲಿ ವಾಸವಾಗಿರುವ, ನಲವತ್ತರ ಆಸುಪಾಸಿನ ಜವಳಿ ವ್ಯಾಪಾರಿ. ತೂಕ ಇಳಿಸುವ ಸಂಕಲ್ಪದಿಂದ ಹೊಸ ಬೂಟು ಕೊಂಡು ಜಿಮ್ ಸೇರಿದ್ದಾರೆ. ಕ್ರಾಸ್ ಟ್ರೈನರ್‌ನ ಮೇಲೆ ಕಾಲು ಗಂಟೆಯಾಗುತ್ತಲೇ ಅವರ ಎಡಪಾದದ ಮುಂಭಾಗ ಜೋಮು ಹಿಡಿಯುತ್ತದೆ. ಇಳಿದು ಬೂಟು ಕಳಚಿದರೆ ಐದು ನಿಮಿಷದಲ್ಲಿ ಎಲ್ಲವೂ ಸರಿಹೋಗುತ್ತದೆ. ದಿನದ ಉಳಿದ ಹೊತ್ತಿನಲ್ಲಿ ಯಾವ ತೊಂದರೆಯೂ ಇಲ್ಲ.

ಎರಡನೆಯವರು ಹರಿಹರದ ನಿವೃತ್ತ ಶಿಕ್ಷಕಿ. ವಯಸ್ಸು ಅರವತ್ತು ದಾಟಿದೆ. ಅವರಿಗೂ ಟ್ರೆಡ್‌ಮಿಲ್‌ನ ಮೇಲೆಯೇ ಜೋಮು ಮೊದಲು ಗಮನಕ್ಕೆ ಬಂದದ್ದು. ಆದರೆ ಅವರಿಗೆ ಎರಡೂ ಪಾದಗಳಲ್ಲಿ ಜುಮುಜುಮು ಇದೆ. ರಾತ್ರಿ ಮಲಗಿದ ಮೇಲೆ ಅಂಗಾಲು ಉರಿಯುತ್ತದೆ. ನಡೆಯುವಾಗ ಹತ್ತಿಯ ಮೇಲೆ ಕಾಲಿಟ್ಟಂತೆನಿಸುತ್ತದೆ. ಒಂದು ದಿನ ಅಂಗಳ ದಾಟಿದ ಮೇಲೆ ನೋಡಿದರೆ ಒಂದು ಕಾಲಿನ ಚಪ್ಪಲಿ ಹಿಂದೆಯೇ ಕಳಚಿ ಬಿದ್ದಿತ್ತು. ಅದು ಅವರ ಅರಿವಿಗೇ ಬಂದಿರಲಿಲ್ಲ. ಮನೆಯವರು, "ಈ ವಯಸ್ಸಿಗೆ ಜಿಮ್ ಯಾಕೆ ಬೇಕಿತ್ತು, ಬಿಟ್ಟುಬಿಡಿ" ಎಂದರು. ಅವರು ಬಿಟ್ಟರು. ಜೋಮು ಮಾತ್ರ ಬಿಡಲಿಲ್ಲ.

ಇಬ್ಬರ ದೂರೂ ಮಾತಿನಲ್ಲಿ ಒಂದೇ. ಆದರೆ ಮೊದಲನೆಯವರಿಗೆ ಬೇಕಾದದ್ದು ಅಳತೆಗೆ ತಕ್ಕ ಬೂಟು. ಎರಡನೆಯವರಿಗೆ ಬೇಕಾದದ್ದು ರಕ್ತಪರೀಕ್ಷೆ. ಏಕೆಂಬುದನ್ನು ತಿಳಿಯಲು ಮೊದಲು ಜೋಮು ಎಂದರೇನೆಂದು ನೋಡಬೇಕು.

ಜೋಮು ಎಂದರೇನು?

ನಮ್ಮ ಒಂದೊಂದು ಪಾದದಲ್ಲಿಯೂ 26 ಮೂಳೆಗಳಿವೆ. ಅವುಗಳ ನಡುವೆ, ಮೇಲೆ, ಕೆಳಗೆ ಸಣ್ಣ ನರಗಳು ಹಾದುಹೋಗುತ್ತವೆ. ಈ ನರಗಳೆಲ್ಲ ಮೇಲಿನಿಂದ ಇಳಿದು ಬಂದವು. ಸೊಂಟದ ಭಾಗದಲ್ಲಿ ಬೆನ್ನುಹುರಿಯಿಂದ ಹೊರಟ ಬೇರುಗಳು ಕೂಡಿ, ಹೆಬ್ಬೆರಳಿನಷ್ಟು ದಪ್ಪನೆಯ ಸಯಾಟಿಕ್ ನರವಾಗುತ್ತವೆ. ಅದು ತೊಡೆಯ ಹಿಂಭಾಗದಲ್ಲಿ ಇಳಿದು, ಮಂಡಿಯ ಬಳಿ ಎರಡಾಗಿ ಕವಲೊಡೆಯುತ್ತದೆ. ಒಂದು ಕವಲು ಮಂಡಿಯ ಹೊರಬದಿಯನ್ನು ಸುತ್ತಿ ಪಾದದ ಮೇಲ್ಭಾಗಕ್ಕೆ ಬರುತ್ತದೆ. ಇನ್ನೊಂದು ಮೀನಖಂಡದ ಒಳಗಿನಿಂದ ಸಾಗಿ, ಕಾಲಿನ ಗಿಣ್ಣಿನ ಒಳಬದಿಯ ಕಿರಿದಾದ ದಾರಿಯಲ್ಲಿ ನುಸುಳಿ ಅಂಗಾಲನ್ನು ಸೇರುತ್ತದೆ.

ಸೊಂಟದಿಂದ ಬೆರಳ ತುದಿಯವರೆಗಿನ ಈ ದೀರ್ಘ ದಾರಿಯಲ್ಲಿ ಎಲ್ಲಿ ಒತ್ತಡ ಬಿದ್ದರೂ ಪಾದದಲ್ಲಿ ಜೋಮು ಕಾಣಿಸಿಕೊಳ್ಳಬಹುದು. ಪೂಜೆಗೆ ಬಹಳ ಹೊತ್ತು ಚಕ್ಕಂಬಕ್ಕಳ ಹಾಕಿ ಕುಳಿತು ಏಳುವಾಗ ಕಾಲು ಜೋಮು ಹಿಡಿದಿರುವುದು ನಮ್ಮೆಲ್ಲರ ಅನುಭವ. ಆಗ ಮಂಡಿಯ ಹೊರಬದಿಯಲ್ಲಿ, ಚರ್ಮದ ಕೆಳಗೇ ಇರುವ ನರವು ಒತ್ತಿಗೆ ಸಿಕ್ಕಿರುತ್ತದೆ. ನರಕ್ಕೂ ತನ್ನದೇ ಸಣ್ಣ ರಕ್ತನಾಳಗಳಿವೆ. ಒತ್ತಡದಿಂದ ಅವು ಕುಗ್ಗಿದಾಗ ನರವು ಸಂದೇಶ ಒಯ್ಯುವುದನ್ನು ತಾತ್ಕಾಲಿಕವಾಗಿ ನಿಲ್ಲಿಸುತ್ತದೆ. ಒತ್ತಡ ತೆರವಾದಾಗ ಅದು ಅಡ್ಡಾದಿಡ್ಡಿಯಾಗಿ ಸಂದೇಶ ಕಳುಹಿಸುತ್ತ ಎಚ್ಚರಗೊಳ್ಳುತ್ತದೆ. ಜುಮುಜುಮು ಎಂದು ನಾವು ಅನುಭವಿಸುವುದು ಇದನ್ನೇ. ಕೆಲವು ನಿಮಿಷಗಳಲ್ಲಿ ಶಮನವಾಗುವ ಇಂತಹ ಜೋಮು ನಿರಪಾಯಕಾರಿ.

ಹೀಗೆ ಹೊರಗಿನ ಒತ್ತಡದಿಂದ ಬರುವ ಜೋಮು ಒಂದು ಬಗೆ. ನರವೇ ಒಳಗಿನಿಂದ ಕ್ಷೀಣಿಸುವುದರಿಂದ ಬರುವ ಜೋಮು ಇನ್ನೊಂದು ಬಗೆ. ಮೊದಲನೆಯದು ಒತ್ತಡ ಹೋದೊಡನೆ ಹೋಗುತ್ತದೆ, ಎರಡನೆಯದು ಹೋಗುವುದಿಲ್ಲ.

ಯಂತ್ರದ ಮೇಲೆ ಜೋಮು ಹಿಡಿಯಲು ಕಾರಣಗಳು

ವ್ಯಾಯಾಮ ಮಾಡುವಾಗ ಕಾಲುಗಳಿಗೆ ರಕ್ತಸಂಚಾರ ಹೆಚ್ಚುತ್ತದೆ. ಪಾದಗಳು ತುಸು ಊದಿಕೊಳ್ಳುತ್ತವೆ. ಅಂಗಡಿಯಲ್ಲಿ ಕುಳಿತು ಹಾಕಿ ನೋಡಿದಾಗ ಸರಿಯಾಗಿದ್ದ ಬೂಟು ಇಪ್ಪತ್ತು ನಿಮಿಷದ ನಡಿಗೆಯ ಬಳಿಕ ಬಿಗಿಯಾಗುವುದು ಇದರಿಂದಲೇ. ಲೇಸನ್ನು ಬಿಗಿಯಾಗಿ ಕಟ್ಟಿದ್ದರೆ ಪಾದದ ಮೇಲ್ಭಾಗದಲ್ಲಿ ಮೂಳೆಗೂ ಲೇಸಿಗೂ ನಡುವೆ ನರ ಸಿಕ್ಕಿಕೊಳ್ಳುತ್ತದೆ. ಬೂಟಿನ ಮುಂಭಾಗ ಕಿರಿದಾಗಿದ್ದರೆ ಬೆರಳುಗಳ ಬುಡದ ನರಗಳು ಒತ್ತಲ್ಪಡುತ್ತವೆ. ದಪ್ಪನೆಯ ಕಾಲುಚೀಲ, ಬಿಗಿಯಾದ ಅದರ ಪಟ್ಟಿ, ಮಂಡಿಗೆ ಸುತ್ತಿಕೊಂಡ ಎಲಾಸ್ಟಿಕ್ ಪಟ್ಟಿ ಇವೂ ಇದೇ ಕೆಲಸ ಮಾಡುತ್ತವೆ.

ಯಂತ್ರಗಳ ಸ್ವಭಾವವನ್ನೂ ಗಮನಿಸಬೇಕು. ನೆಲದ ಮೇಲೆ ನಡೆಯುವಾಗ ಪ್ರತಿ ಹೆಜ್ಜೆಗೂ ಪಾದ ಮೇಲೇಳುತ್ತದೆ. ಒಂದು ಕ್ಷಣ ಅಂಗಾಲಿಗೆ ಬಿಡುವು ಸಿಗುತ್ತದೆ. ಕ್ರಾಸ್ ಟ್ರೈನರ್‌ನಲ್ಲಿ ಪಾದವು ಪೆಡಲನ್ನು ಬಿಟ್ಟು ಮೇಲೇಳುವುದೇ ಇಲ್ಲ. ಅಂಗಾಲಿನ ಮುಂಭಾಗದ ಒಂದೇ ಜಾಗದ ಮೇಲೆ ಎಡೆಬಿಡದೆ ಭಾರ ಬೀಳುತ್ತದೆ. ಅನೇಕರು ಜಾರುವ ಅಂಜಿಕೆಯಿಂದ ಬೆರಳುಗಳನ್ನು ಮಡಿಸಿ ಪೆಡಲನ್ನು ಕಚ್ಚಿ ಹಿಡಿದಿರುತ್ತಾರೆ. ಅದು ತೊಂದರೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ವ್ಯಾಯಾಮದ ಸೈಕಲ್ಲಿನಲ್ಲಿ ಪೆಡಲಿನ ಪಟ್ಟಿಯನ್ನು ಬಿಗಿದರೆ ಇದೇ ಪರಿಣಾಮ. ಸೈಕಲ್ಲಿನ ಆಸನ ಅಳತೆಗೆ ಹೊಂದದಿದ್ದರೆ ತೊಡೆಸಂದಿನ ಭಾಗವೂ ಜೋಮು ಹಿಡಿಯುವುದುಂಟು. ಟ್ರೆಡ್‌ಮಿಲ್‌ನ ಇಳಿಜಾರನ್ನು ಹೆಚ್ಚಿಸಿದಾಗ ಭಾರವು ಅಂಗಾಲಿನ ಮುಂಭಾಗಕ್ಕೂ ಮೀನಖಂಡಕ್ಕೂ ಸರಿಯುತ್ತದೆ.

ಇವುಗಳ ಜೊತೆಗೆ ವೈದ್ಯರು ಗುರುತಿಸುವ ಕೆಲವು ನಿರ್ದಿಷ್ಟ ತೊಂದರೆಗಳಿವೆ. ಮೂರನೆಯ ಮತ್ತು ನಾಲ್ಕನೆಯ ಬೆರಳುಗಳ ನಡುವೆ ನರದ ಸುತ್ತಲಿನ ಪದರ ದಪ್ಪವಾಗಿ, ಬೂಟಿನೊಳಗೆ ಹರಳುಕಲ್ಲು ಸೇರಿಕೊಂಡಂತೆ ನೋಯುವುದು ಒಂದು. ಅಮೆರಿಕದ ಫಿಲಡೆಲ್ಫಿಯಾದ ಶಸ್ತ್ರವೈದ್ಯ ಥಾಮಸ್ ಮಾರ್ಟನ್ 1876ರಲ್ಲಿ ಇದನ್ನು ವಿವರಿಸಿದ್ದರಿಂದ ಇದಕ್ಕೆ ಮಾರ್ಟನ್ ನ್ಯೂರೋಮಾ ಎಂದು ಹೆಸರು. ಕಾಲಿನ ಗಿಣ್ಣಿನ ಒಳಬದಿಯ ಕಿರಿದಾದ ದಾರಿಯಲ್ಲಿ ನರ ಸಿಕ್ಕಿಕೊಂಡರೆ ಅಂಗಾಲು ಪೂರ್ತಿ ಉರಿಯುವುದು ಇನ್ನೊಂದು. ಮೊಣಕಾಲಿನ ಕೆಳಗಿನ ಸ್ನಾಯುಗಳನ್ನು ಸುತ್ತಿರುವ ಗಟ್ಟಿಯಾದ ಪೊರೆ ಹಿಗ್ಗುವುದಿಲ್ಲ. ವ್ಯಾಯಾಮದಲ್ಲಿ ಸ್ನಾಯು ಉಬ್ಬಿದಾಗ ಒಳಗಿನ ಒತ್ತಡ ಏರಿ ಕಾಲು ಬಿಗಿದು ಪಾದ ಜೋಮು ಹಿಡಿಯುವುದು ಮತ್ತೊಂದು. ಈ ಕೊನೆಯದರ ಲಕ್ಷಣ ಬಹಳ ಸ್ಪಷ್ಟ. ಪ್ರತಿ ಸಲವೂ ಹೆಚ್ಚುಕಡಿಮೆ ಅಷ್ಟೇ ಹೊತ್ತಿಗೆ ಶುರುವಾಗುತ್ತದೆ, ಮುಂದುವರಿಸಿದರೆ ಹೆಚ್ಚುತ್ತದೆ, ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಹೆಚ್ಚಾಗಿ ಓಡುವ ಯುವಕರಲ್ಲಿ ಇದು ಕಂಡುಬರುತ್ತದೆ.

ಮೂಲ ಸೊಂಟದಲ್ಲಿರಬಹುದು

ಪಾದದಲ್ಲಿ ಜೋಮು ಇದ್ದ ಮಾತ್ರಕ್ಕೆ ಕಾರಣವೂ ಪಾದದಲ್ಲಿಯೇ ಇರಬೇಕೆಂದಿಲ್ಲ. ಸೊಂಟದಿಂದ ತೊಡೆಯ ಹಿಂಭಾಗದಲ್ಲಿ ಇಳಿದು ಪಾದದವರೆಗೆ ಸೆಳೆತ ಬರುತ್ತಿದ್ದರೆ, ಕೆಮ್ಮಿದಾಗ, ಬಗ್ಗಿ ಭಾರ ಎತ್ತಿದಾಗ ಅದು ಹೆಚ್ಚುತ್ತಿದ್ದರೆ, ಬೆನ್ನುಮೂಳೆಗಳ ನಡುವಿನ ತಟ್ಟೆಯು ಸರಿದು ನರದ ಬೇರನ್ನು ಒತ್ತುತ್ತಿರುವ ಸಂಭವವಿದೆ.

ವಯಸ್ಸಾದವರಲ್ಲಿ ಬೆನ್ನುಹುರಿಯ ದಾರಿ ಕಿರಿದಾಗುವುದುಂಟು. ಇಂಥವರಿಗೆ ನಿಂತರೆ, ನಡೆದರೆ ಕಾಲು ಜೋಮು ಹಿಡಿಯುತ್ತದೆ. ಕುಳಿತರೆ ಅಥವಾ ಮುಂದಕ್ಕೆ ಬಾಗಿದರೆ ಹಗುರವಾಗುತ್ತದೆ. ಟ್ರೆಡ್‌ಮಿಲ್‌ನ ಮೇಲೆ ಐದು ನಿಮಿಷ ನಡೆಯಲಾಗದವರು ಮುಂದಕ್ಕೆ ಬಾಗಿ ಸೈಕಲ್ಲನ್ನು ಅರ್ಧ ಗಂಟೆ ತುಳಿಯಬಲ್ಲರು. ಕಾಲಿನ ಅಪಧಮನಿಗಳಲ್ಲಿ ಕೊಬ್ಬು ಕಟ್ಟಿ ರಕ್ತಸಂಚಾರ ಕುಗ್ಗಿದವರ ಕಥೆ ಬೇರೆ. ಅವರಿಗೆ ನಡೆದರೂ ಸೈಕಲ್ ತುಳಿದರೂ ಮೀನಖಂಡ ಹಿಂಡಿದಂತೆ ನೋಯುತ್ತದೆ. ಕುಳಿತುಕೊಳ್ಳಬೇಕೆಂದಿಲ್ಲ, ಸುಮ್ಮನೆ ನಿಂತರೂ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಬೀಡಿ, ಸಿಗರೇಟು ಸೇದುವವರಲ್ಲಿಯೂ ಮಧುಮೇಹಿಗಳಲ್ಲಿಯೂ ಇದು ಹೆಚ್ಚು. ಕಾಲಿನ ಗಿಣ್ಣಿನ ಬಳಿಯ ರಕ್ತದೊತ್ತಡವನ್ನು ತೋಳಿನ ರಕ್ತದೊತ್ತಡದೊಡನೆ ಹೋಲಿಸುವ ಸರಳ ಪರೀಕ್ಷೆಯಿಂದ ವೈದ್ಯರು ಇದನ್ನು ಪತ್ತೆಹಚ್ಚುತ್ತಾರೆ. ಈ ಅನುಪಾತ 0.9ಕ್ಕಿಂತ ಕಡಿಮೆಯಿದ್ದರೆ ರಕ್ತನಾಳ ಕಿರಿದಾಗಿದೆ ಎಂದು ತಿಳಿಯಬೇಕು. ಕಾಲಿನ ರಕ್ತನಾಳದಲ್ಲಿ ಕೊಬ್ಬು ಕಟ್ಟಿದ್ದರೆ ಹೃದಯದ ರಕ್ತನಾಳಗಳನ್ನೂ ನೋಡಿಸಿಕೊಳ್ಳುವುದು ವಿವೇಕ.

ಮಧುಮೇಹವೆಂಬ ಮೌನ ಕಾರಣ

ಈಗ ಹರಿಹರದ ನಿವೃತ್ತ ಶಿಕ್ಷಕಿಯ ಚಿತ್ರಕ್ಕೆ ಬರೋಣ. ಎರಡೂ ಪಾದಗಳಲ್ಲಿ ಸಮನಾಗಿ, ಬೆರಳ ತುದಿಯಿಂದ ಶುರುವಾಗಿ, ಕಾಲುಚೀಲ ತೊಟ್ಟಂತೆ ಮೇಲೇರುವ ಜೋಮು, ರಾತ್ರಿಯ ಅಂಗಾಲುರಿ, ಅರಿವಿಗೆ ಬಾರದೆ ಕಳಚುವ ಚಪ್ಪಲಿ ಇವು ನರಗಳೇ ಕ್ಷೀಣಿಸುತ್ತಿರುವುದರ ಲಕ್ಷಣಗಳು. ನಮ್ಮಲ್ಲಿ ಇದಕ್ಕೆ ಬಹು ಸಾಮಾನ್ಯವಾದ ಕಾರಣ ಮಧುಮೇಹ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿರುವರೆಂದೂ ಇನ್ನೂ 13.6 ಕೋಟಿ ಜನ ಅದರ ಅಂಚಿನಲ್ಲಿರುವರೆಂದೂ ಅಂದಾಜಿಸಿದೆ. ತಮಗೆ ಕಾಯಿಲೆಯಿದೆಯೆಂದು ತಿಳಿಯುವ ಮೊದಲೇ ನರಗಳಿಗೆ ಪೆಟ್ಟು ಬಿದ್ದಿರುವವರೂ ಇದ್ದಾರೆ. ಜಿಮ್‌ನಲ್ಲಿ ಗಮನಕ್ಕೆ ಬಂದ ಜೋಮು ಅಂಥವರಿಗೆ ಒಂದು ರೀತಿಯಲ್ಲಿ ಉಪಕಾರವನ್ನೇ ಮಾಡಿದಂತೆ.

ಇದನ್ನು ಏಕೆ ಕಡೆಗಣಿಸಬಾರದು? ನೋವು ನಮ್ಮ ಕಾವಲುಗಾರ. ಮುಳ್ಳು ಚುಚ್ಚಿದರೆ ನೋಯುತ್ತದೆ, ಆದ್ದರಿಂದ ತೆಗೆಯುತ್ತೇವೆ. ಬೂಟು ಉಜ್ಜಿದರೆ ನೋಯುತ್ತದೆ, ಆದ್ದರಿಂದ ಸಡಿಲಿಸುತ್ತೇವೆ. ಸಂವೇದನೆ ಕಳೆದುಕೊಂಡ ಪಾದಕ್ಕೆ ಈ ಕಾವಲಿಲ್ಲ. ಗುಳ್ಳೆ ಒಡೆದು ಹುಣ್ಣಾದರೂ ತಿಳಿಯುವುದಿಲ್ಲ; ಅದರ ಮೇಲೆಯೇ ದಿನಗಟ್ಟಲೆ ನಡೆಯುತ್ತಾರೆ. ಸಕ್ಕರೆಯ ಅಂಶ ಹೆಚ್ಚಿದ್ದಾಗ ಹುಣ್ಣು ಮಾಯುವುದು ನಿಧಾನ, ಸೋಂಕು ಹರಡುವುದು ಬೇಗ. ಕೊನೆಗೆ ಬೆರಳನ್ನೋ ಪಾದವನ್ನೋ ಕತ್ತರಿಸಬೇಕಾಗಿ ಬಂದ ಎಷ್ಟೋ ಪ್ರಕರಣಗಳ ಮೂಲ ಹೀಗೆ ನೋಯದೇ ಹೋದ ಒಂದು ಸಣ್ಣ ಗಾಯ. ಇವುಗಳಲ್ಲಿ ಹೆಚ್ಚಿನವನ್ನು ಎಚ್ಚರಿಕೆಯಿಂದ ತಪ್ಪಿಸಬಹುದಾಗಿತ್ತು ಎಂಬುದೇ ದುಃಖದ ಸಂಗತಿ.

ಸಸ್ಯಾಹಾರಿಗಳು ಗಮನಿಸಬೇಕಾದ ಜೀವಸತ್ವ

ನರಗಳ ಮೇಲಿನ ರಕ್ಷಾಕವಚವನ್ನು ಕಾಪಾಡಲು ಬಿ12 ಜೀವಸತ್ವ ಅಗತ್ಯ. ನಮಗೆ ದಿನಕ್ಕೆ ಬೇಕಾದದ್ದು ಸುಮಾರು 2ರಿಂದ 2.5 ಮೈಕ್ರೋಗ್ರಾಂ ಮಾತ್ರ. ಆದರೆ ಇದು ಕಾಳು, ಸೊಪ್ಪು, ತರಕಾರಿ, ಹಣ್ಣುಗಳಲ್ಲಿ ದೊರೆಯುವುದಿಲ್ಲ. ಸಸ್ಯಾಹಾರಿಗಳಾದ ನಮಗೆ ಹಾಲು, ಮೊಸರು, ಮಜ್ಜಿಗೆ, ಪನ್ನೀರುಗಳೇ ಇದರ ಮುಖ್ಯ ಆಕರ. 100 ಮಿಲಿಲೀಟರ್ ಹಸುವಿನ ಹಾಲಿನಲ್ಲಿ ಹೆಚ್ಚುಕಡಿಮೆ 0.4 ಮೈಕ್ರೋಗ್ರಾಂ ಇರುತ್ತದೆ. ಚಹಾಕ್ಕೆ ಬೆರೆಸುವ ಎರಡು ಚಮಚ ಹಾಲಿನಿಂದ ದಿನದ ಅಗತ್ಯ ಪೂರೈಸದು. ಬೆಣ್ಣೆ, ತುಪ್ಪಗಳಲ್ಲಿ ಇದು ಅತ್ಯಲ್ಪ. ಆದ್ದರಿಂದ ಬೆಣ್ಣೆದೋಸೆಯ ಊರಿನವರಾದ ನಾವು ಬೆಣ್ಣೆಯನ್ನು ನೆಚ್ಚಿ ಕೂರುವಂತಿಲ್ಲ. ಸಸ್ಯಾಹಾರವನ್ನು ಬಿಡಬೇಕೆಂಬುದು ಇದರ ಅರ್ಥವಲ್ಲ. ಸಸ್ಯಾಹಾರವನ್ನು ತಿಳಿವಳಿಕೆಯಿಂದ ರೂಢಿಸಿಕೊಳ್ಳಬೇಕೆಂಬುದಷ್ಟೇ ನಮ್ಮ ಆಶಯ.

ಯಕೃತ್ತಿನಲ್ಲಿ ಈ ಜೀವಸತ್ವದ ದಾಸ್ತಾನು ಕೆಲವು ವರ್ಷಗಳವರೆಗೆ ಇರುವುದರಿಂದ ಕೊರತೆ ಬಹಳ ನಿಧಾನವಾಗಿ ಕಾಣಿಸಿಕೊಳ್ಳುತ್ತದೆ. ವಯಸ್ಸಾದಂತೆ ಜಠರವು ಇದನ್ನು ಹೀರಲು ನೆರವಾಗುವ ಶಕ್ತಿ ಕುಗ್ಗುತ್ತದೆ. ಮಧುಮೇಹಕ್ಕೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ಸೇವಿಸುವವರಲ್ಲಿಯೂ ಆಮ್ಲ ತಗ್ಗಿಸುವ ಮಾತ್ರೆಗಳನ್ನು ದೀರ್ಘಕಾಲ ನುಂಗುವವರಲ್ಲಿಯೂ ಬಿ12 ಇಳಿಯಬಹುದು. ಹಾಗೆಂದು ಯಾರೂ ತಾವಾಗಿಯೇ ಮೆಟ್‌ಫಾರ್ಮಿನ್ ನಿಲ್ಲಿಸಬಾರದು. ವೈದ್ಯರನ್ನು ಕೇಳಿ ಬಿ12 ಪರೀಕ್ಷೆ ಮಾಡಿಸಿಕೊಂಡರೆ ಸಾಕು. ಜೋಮಿನೊಂದಿಗೆ ಆಯಾಸ, ನಾಲಿಗೆಯ ಉರಿ, ಮರೆವು ಇದ್ದರೆ, ಕಣ್ಣು ಮುಚ್ಚಿ ಮುಖ ತೊಳೆಯುವಾಗ ತೂರಾಡಿದಂತಾದರೆ ಈ ಪರೀಕ್ಷೆಯನ್ನು ಮುಂದೂಡಬಾರದು. ಬೆನ್ನುಹುರಿಗೇ ಪೆಟ್ಟು ಬಿದ್ದ ಬಳಿಕ ಚಿಕಿತ್ಸೆ ಕೊಟ್ಟರೂ ಪೂರ್ಣ ಚೇತರಿಕೆ ಆಗದಿರಬಹುದು. ಸಕಾಲದಲ್ಲಿ ಗುರುತಿಸಿದರೆ ಮಾತ್ರೆ ಅಥವಾ ಚುಚ್ಚುಮದ್ದಿನಿಂದ ತಿಂಗಳುಗಳಲ್ಲಿ ಗುಣ ಕಾಣುತ್ತದೆ.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ರಕ್ತಹೀನತೆಗೆಂದು ಫೋಲಿಕ್ ಆಮ್ಲದ ಮಾತ್ರೆಯನ್ನಷ್ಟೇ ನುಂಗಿದರೆ ರಕ್ತ ಸುಧಾರಿಸಿದಂತೆ ಕಂಡರೂ ಬಿ12 ಕೊರತೆಯಿಂದ ನರಗಳಿಗಾಗುವ ಹಾನಿ ಒಳಗೇ ಮುಂದುವರಿಯಬಹುದು. ಇನ್ನೊಂದು, ಜಿಮ್‌ಗೆ ಹೋಗುವವರು ತಮ್ಮಷ್ಟಕ್ಕೆ ತೆಗೆದುಕೊಳ್ಳುವ ಪೂರಕ ಪುಡಿ, ಮಾತ್ರೆಗಳ ವಿಷಯ. ಬಿ6 ಜೀವಸತ್ವವನ್ನು, ಅಂದರೆ ಪಿರಿಡಾಕ್ಸಿನನ್ನು, ಅಧಿಕ ಪ್ರಮಾಣದಲ್ಲಿ ಬಹುಕಾಲ ಸೇವಿಸಿದರೆ ಅದೇ ನರಗಳನ್ನು ಕೆಡಿಸಿ ಜೋಮು ತರುತ್ತದೆ. ಡಬ್ಬಿಯ ಮೇಲಿನ ಪಟ್ಟಿಯನ್ನು ಓದಿ, ವೈದ್ಯರಿಗೆ ತೋರಿಸಿಯೇ ಬಳಸಬೇಕು.

ಥೈರಾಯ್ಡ್ ಗ್ರಂಥಿಯ ಮಂದತೆ, ಮದ್ಯಪಾನ, ಮೂತ್ರಪಿಂಡದ ಕಾಯಿಲೆ ಇವೂ ನರಗಳನ್ನು ಕೆಡಿಸುತ್ತವೆ. ಚರ್ಮದ ಮೇಲೆ ಬಣ್ಣಗುಂದಿದ, ಮುಟ್ಟಿದರೆ ತಿಳಿಯದ ಮಚ್ಚೆಯಿದ್ದರೆ ಕುಷ್ಠರೋಗವನ್ನೂ ನೆನಪಿಡಬೇಕು. ರಾಷ್ಟ್ರಮಟ್ಟದಲ್ಲಿ ಅದು ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿದಿಲ್ಲವೆಂದು 2005ರಲ್ಲಿಯೇ ಘೋಷಣೆಯಾಗಿದ್ದರೂ ಹೊಸ ರೋಗಿಗಳು ಇಂದಿಗೂ ಪತ್ತೆಯಾಗುತ್ತಿದ್ದಾರೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆ ಔಷಧಿ ಉಚಿತ. ಪೂರ್ಣವಾಗಿ ವಾಸಿಯಾಗುವ ಈ ರೋಗವನ್ನು ಮುಚ್ಚಿಡುವುದರಿಂದ ಹಾನಿಯೇ ಹೊರತು ಲಾಭವಿಲ್ಲ.

ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ಜೋಮು ಕಾಣಿಸಿಕೊಂಡವರು ಒಂದು ವಾರ ಈ ಐದು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳಲಿ. ವೈದ್ಯರ ಬಳಿ ಹೋದಾಗ ಈ ಚೀಟಿ ಬಹಳ ಉಪಯೋಗಕ್ಕೆ ಬರುತ್ತದೆ.

1. ಜೋಮು ಒಂದು ಪಾದದಲ್ಲಿಯೋ ಎರಡರಲ್ಲಿಯೋ?
2. ಪಾದದ ಯಾವ ಭಾಗದಲ್ಲಿ? ಮೇಲ್ಭಾಗವೋ, ಬೆರಳುಗಳ ನಡುವೆಯೋ, ಇಡೀ ಅಂಗಾಲೋ?
3. ಯಾವ ಯಂತ್ರದ ಮೇಲೆ, ಎಷ್ಟು ನಿಮಿಷಕ್ಕೆ ಶುರುವಾಗುತ್ತದೆ?
4. ನಿಲ್ಲಿಸಿ ಬೂಟು ಕಳಚಿದರೆ ಎಷ್ಟು ಹೊತ್ತಿಗೆ ಹೋಗುತ್ತದೆ?
5. ವ್ಯಾಯಾಮವಿಲ್ಲದ ಹೊತ್ತಿನಲ್ಲಿ, ವಿಶೇಷವಾಗಿ ರಾತ್ರಿ, ಇರುತ್ತದೆಯೋ?

ಒಂದೇ ಪಾದ, ಯಂತ್ರದ ಮೇಲೆ ಮಾತ್ರ, ಬೂಟು ಕಳಚಿದೊಡನೆ ಮಾಯ ಎಂದಾದರೆ ಮೊದಲು ಬೂಟನ್ನೂ ಭಂಗಿಯನ್ನೂ ಸರಿಪಡಿಸಿ ನೋಡಬಹುದು. ಎರಡೂ ಪಾದ, ರಾತ್ರಿಯೂ ಇರುವಿಕೆ, ದಿನೇ ದಿನೇ ಮೇಲೇರುವಿಕೆ ಎಂದಾದರೆ ವೈದ್ಯರನ್ನು ಕಾಣಬೇಕು.

ಮನೆಯಲ್ಲಿಯೇ ಮಾಡಬಹುದಾದ ಇನ್ನೊಂದು ಪರೀಕ್ಷೆಯಿದೆ. ಇಂಗ್ಲೆಂಡಿನ ಇಪ್ಸ್‌ವಿಚ್ ಪಟ್ಟಣದ ವೈದ್ಯರು ಇದನ್ನು ರೂಪಿಸಿದರು; ಇದಕ್ಕೆ ಯಾವ ಉಪಕರಣವೂ ಬೇಡ. ಪರೀಕ್ಷೆಗೆ ಒಳಗಾಗುವವರು ಕಣ್ಣು ಮುಚ್ಚಿ ಮಲಗಬೇಕು. ಮನೆಯವರೊಬ್ಬರು ತಮ್ಮ ತೋರುಬೆರಳಿನಿಂದ ಅವರ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಬೇಕು. ಒತ್ತಬಾರದು, ತಟ್ಟಬಾರದು. ಮುಟ್ಟಿದಾಗಲೆಲ್ಲ ಎಡ, ಬಲ ಎಂದು ಅವರು ಹೇಳಬೇಕು. ಎರಡೂ ಪಾದ ಸೇರಿ ಆರು ಬೆರಳುಗಳಲ್ಲಿ ಎರಡು ಅಥವಾ ಹೆಚ್ಚು ಬೆರಳುಗಳ ಸ್ಪರ್ಶ ತಿಳಿಯದಿದ್ದರೆ ಪಾದದ ಸಂವೇದನೆ ಕುಗ್ಗಿದೆಯೆಂದು ಭಾವಿಸಿ ತಪಾಸಣೆ ಮಾಡಿಸಬೇಕು. ಮನೆಯಲ್ಲಿ ಮಧುಮೇಹಿಗಳಿದ್ದರೆ ಮಕ್ಕಳು, ಸೊಸೆಯಂದಿರು ಆಗಾಗ ಈ ಸೇವೆಯನ್ನು ಮಾಡಲಿ.

ಸರಳ ಪರಿಹಾರಗಳು

ಬೂಟನ್ನು ಸಂಜೆಯ ಹೊತ್ತಿನಲ್ಲಿ ಕೊಳ್ಳಬೇಕು. ಆಗ ಪಾದ ತುಸು ಊದಿರುತ್ತದೆ. ಕಾಗದದ ಮೇಲೆ ನಿಂತು ಪಾದದ ಗೆರೆ ಎಳೆಸಿ, ಬೂಟಿನ ಒಳಹಾಸನ್ನು ತೆಗೆದು ಅದರ ಮೇಲಿಟ್ಟು ನೋಡಿದರೆ ಅಳತೆಯ ಸತ್ಯ ತಿಳಿಯುತ್ತದೆ. ಪಾದದ ಗೆರೆ ಒಳಹಾಸಿನ ಆಚೆ ಹೋಗಬಾರದು. ಅತಿ ಉದ್ದದ ಬೆರಳಿನ ಮುಂದೆ ಸುಮಾರು ಒಂದು ಸೆಂಟಿಮೀಟರ್ ಜಾಗ ಇರಬೇಕು. ಲೇಸನ್ನು ಹಿಮ್ಮಡಿ ಅಲುಗದಷ್ಟು ಕಟ್ಟಿದರೆ ಸಾಕು. ಪಾದದ ಮೇಲ್ಭಾಗದ ಯಾವ ಜಾಗದಲ್ಲಿ ಒತ್ತುತ್ತದೆಯೋ ಅಲ್ಲಿ ಲೇಸನ್ನು ಅಡ್ಡ ಹಾಯಿಸದೆ ನೇರವಾಗಿ ಮೇಲಿನ ರಂಧ್ರಕ್ಕೆ ಒಯ್ಯಬಹುದು. ಹತ್ತು ನಿಮಿಷ ನಡೆದ ಮೇಲೆ ಒಮ್ಮೆ ನಿಂತು ಲೇಸು ಸಡಿಲಿಸಿಕೊಳ್ಳುವುದು ಒಳ್ಳೆಯ ಅಭ್ಯಾಸ.

ಕ್ರಾಸ್ ಟ್ರೈನರ್‌ನ ಮೇಲೆ ಇಡೀ ಅಂಗಾಲನ್ನು ಊರಬೇಕು. ಆಗಾಗ ಭಾರವನ್ನು ಹಿಮ್ಮಡಿಗೆ ಸರಿಸಿ, ಬೂಟಿನೊಳಗೆ ಬೆರಳುಗಳನ್ನು ಬಿಡಿಸಿ ಅಲುಗಿಸಬೇಕು. ಒಂದೇ ಯಂತ್ರದ ಮೇಲೆ ನಲವತ್ತು ನಿಮಿಷ ನಿಲ್ಲುವ ಬದಲು ಹತ್ತು ಹತ್ತು ನಿಮಿಷ ಯಂತ್ರ ಬದಲಿಸುವುದು ಲೇಸು. ಸೈಕಲ್ಲಿನ ಪೆಡಲ್ ಪಟ್ಟಿಯನ್ನು ಸಡಿಲವಾಗಿ ಬಿಡಬೇಕು. ಟ್ರೆಡ್‌ಮಿಲ್‌ನ ಇಳಿಜಾರನ್ನೂ ವೇಗವನ್ನೂ ಒಮ್ಮೆಲೇ ಏರಿಸಬಾರದು. ಆರಂಭಕ್ಕೂ ಮುಕ್ತಾಯಕ್ಕೂ ಐದು ನಿಮಿಷ ಮೀನಖಂಡವನ್ನು ನಿಧಾನವಾಗಿ ಹಿಗ್ಗಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮ ಸಾಕು. ಅದನ್ನು ಒಂದೆರಡು ದಿನಕ್ಕೆ ತುರುಕಬೇಕಿಲ್ಲ. ಯಂತ್ರ ಒಗ್ಗದವರಿಗೆ ಕುಂದವಾಡ ಕೆರೆಯ ಏರಿಯ ಮೇಲಿನ ಬೆಳಗಿನ ನಡಿಗೆ ಯಾವ ವ್ಯಾಯಾಮಕ್ಕೂ ಕಡಿಮೆಯಲ್ಲ. ಇಷ್ಟೆಲ್ಲ ಸರಿಪಡಿಸಿದ ಮೇಲೂ ಎರಡು ಮೂರು ವಾರಗಳಲ್ಲಿ ಜೋಮು ಹೋಗದಿದ್ದರೆ ವೈದ್ಯರ ಬಳಿ ಹೋಗಲೇಬೇಕು.

ಮಧುಮೇಹಿ ಭಕ್ತರಲ್ಲಿ ವಿಶೇಷ ವಿನಂತಿ

ಜಾತ್ರೆ, ಪಾದಯಾತ್ರೆಗಳಲ್ಲಿ ಬರಿಗಾಲಿನಲ್ಲಿ ನಡೆಯುವುದು ನಮ್ಮಲ್ಲಿ ಭಕ್ತಿಯ ಒಂದು ರೀತಿ. ಸಂವೇದನೆ ಕುಗ್ಗಿದ ಪಾದದವರು ಈ ಹರಕೆಯನ್ನು ಕೈಬಿಡಬೇಕೆಂದು ನಾವು ಕಳಕಳಿಯಿಂದ ಕೇಳಿಕೊಳ್ಳುತ್ತೇವೆ. ಬೇಸಿಗೆಯ ಮಧ್ಯಾಹ್ನದ ಕಲ್ಲುಹಾಸು ಸುಡುವುದು ಅಂಥವರಿಗೆ ಗೊತ್ತೇ ಆಗುವುದಿಲ್ಲ. ಸಂಜೆ ಗುಳ್ಳೆ ನೋಡಿದ ಮೇಲೆಯೇ ತಿಳಿಯುವುದು. ದರ್ಶನಕ್ಕೆ ಚಪ್ಪಲಿ ಬಿಡಲೇಬೇಕಾದಲ್ಲಿ ಬೆಳಗಿನ ತಂಪಿನಲ್ಲಿ ಬನ್ನಿ, ಹತ್ತಿಯ ಕಾಲುಚೀಲ ಧರಿಸಿ, ಮರಳಿದೊಡನೆ ಅಂಗಾಲು ನೋಡಿಕೊಳ್ಳಿ.

ಪ್ರತಿರಾತ್ರಿ ಮಲಗುವ ಮುನ್ನ ಕನ್ನಡಿಯನ್ನು ನೆಲದ ಮೇಲಿಟ್ಟು ಅಂಗಾಲನ್ನೂ ಬೆರಳುಸಂದುಗಳನ್ನೂ ಪರೀಕ್ಷಿಸಬೇಕು. ಸ್ನಾನದ ನೀರಿನ ಬಿಸಿಯನ್ನು ಪಾದದಿಂದಲ್ಲ, ಮೊಣಕೈಯಿಂದ ನೋಡಬೇಕು. ಬೂಟು ಹಾಕುವ ಮುನ್ನ ಒಳಗೆ ಕೈಯಾಡಿಸಿ ಕಲ್ಲು, ಮೊಳೆ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಆಣಿಯನ್ನು ಬ್ಲೇಡಿನಿಂದ ಕತ್ತರಿಸುವುದು, ಉರಿಗೆ ಬಿಸಿನೀರಿನ ಚೀಲದ ಶಾಖ ಕೊಡುವುದು ಎರಡೂ ಅಪಾಯ. ಅಂಗಾಲಿನಲ್ಲಿ ಹುಣ್ಣಿಲ್ಲದಿದ್ದರೆ ಸರಿಯಾದ ಪಾದರಕ್ಷೆಯೊಡನೆ ಸಾಧಾರಣ ನಡಿಗೆಗೆ ಅಡ್ಡಿಯಿಲ್ಲ. ಹುಣ್ಣಿದ್ದರೆ ಅದು ಮಾಯುವವರೆಗೆ ಆ ಕಾಲಿನ ಮೇಲೆ ಭಾರ ಬೀಳದಂತಹ ವ್ಯಾಯಾಮವನ್ನು ವೈದ್ಯರನ್ನು ಕೇಳಿ ಆರಿಸಿಕೊಳ್ಳಬೇಕು.

ತಡಮಾಡದೆ ಆಸ್ಪತ್ರೆಗೆ

ಕೆಲವು ಲಕ್ಷಣಗಳಿಗೆ ಮನೆಮದ್ದಿಲ್ಲ. ಮುಖ, ಕೈ, ಕಾಲು ಒಂದೇ ಬದಿಯಲ್ಲಿ ಹಠಾತ್ತನೆ ಜೋಮು ಹಿಡಿದು ಮಾತು ತೊದಲಿದರೆ ಅದು ಪಾರ್ಶ್ವವಾಯು. ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿ, ಅತಿಯಾಗಿ ನೋಯತೊಡಗಿದರೆ ರಕ್ತನಾಳ ಮುಚ್ಚಿರಬಹುದು. ಕಾಲನ್ನು ಉಳಿಸಿಕೊಳ್ಳಲು ಇರುವುದು ಕೆಲವೇ ಗಂಟೆಗಳು. ಕುಳಿತುಕೊಳ್ಳುವ ಭಾಗ ಮರಗಟ್ಟಿ ಮಲಮೂತ್ರದ ಮೇಲಿನ ಹಿಡಿತ ತಪ್ಪಿದರೆ ಬೆನ್ನುಹುರಿಯ ಕೆಳಗಿನ ನರಗಳು ಒತ್ತಿಗೆ ಸಿಕ್ಕಿವೆಯೆಂದು ಅರ್ಥ. ಜೋಮು ಮತ್ತು ನಿತ್ರಾಣ ಪಾದದಿಂದ ಶುರುವಾಗಿ ಕೆಲವೇ ದಿನಗಳಲ್ಲಿ ಮೇಲೇರುತ್ತಿದ್ದರೆ, ಪಾದದ ಮುಂಭಾಗ ಎತ್ತಲಾಗದೆ ನೆಲಕ್ಕೆ ಎಳೆದಾಡುತ್ತಿದ್ದರೆ ಕಾಯುವಂತಿಲ್ಲ. ತುರ್ತಿನಲ್ಲಿ 108ಕ್ಕೆ ಕರೆ ಮಾಡಬೇಕು.

ದಾವಣಗೆರೆಯ ಜನ ಈ ವಿಷಯದಲ್ಲಿ ಭಾಗ್ಯವಂತರು. ಚಿಗಟೇರಿ ಜಿಲ್ಲಾ ಆಸ್ಪತ್ರೆ, ಬಾಪೂಜಿ ಆಸ್ಪತ್ರೆ, 1965ರಲ್ಲಿ ಆರಂಭವಾದ ಜೆ.ಜೆ.ಎಂ. ವೈದ್ಯಕೀಯ ಮಹಾವಿದ್ಯಾಲಯ ಎಲ್ಲವೂ ನಗರದಲ್ಲಿಯೇ ಇವೆ. ಹರಿಹರದವರಿಗೆ ಅಲ್ಲಿಯೇ ಸಾರ್ವಜನಿಕ ಆಸ್ಪತ್ರೆಯಿದೆ. 30 ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಮಧುಮೇಹ ಮತ್ತು ರಕ್ತದೊತ್ತಡದ ತಪಾಸಣೆ ಉಚಿತವಾಗಿ ನಡೆಯುತ್ತದೆ. ಸಕ್ಕರೆ, ಬಿ12, ಥೈರಾಯ್ಡ್ ಈ ಮೂರು ರಕ್ತಪರೀಕ್ಷೆಗಳಿಂದ ಮತ್ತು ಪಾದಕ್ಕೆ ತೆಳುವಾದ ನೈಲಾನ್ ಎಳೆ ಹಾಗೂ ಕಂಪನಕವೆ ಮುಟ್ಟಿಸಿ ನೋಡುವ ಪರೀಕ್ಷೆಯಿಂದ ಹೆಚ್ಚಿನ ಪ್ರಶ್ನೆಗಳಿಗೆ ಉತ್ತರ ದೊರೆಯುತ್ತದೆ.

ನಾವು ಆರಂಭದಲ್ಲಿ ಕಂಡ ಇಬ್ಬರ ವಿಷಯ ಹೇಳಿ ಮುಗಿಸೋಣ. ಜವಳಿ ವ್ಯಾಪಾರಿ ಅರ್ಧ ಅಳತೆ ದೊಡ್ಡದಾದ ಬೂಟು ಕೊಂಡು, ಲೇಸು ಸಡಿಲಿಸಿ, ಯಂತ್ರ ಬದಲಿಸುತ್ತ ವ್ಯಾಯಾಮ ಮುಂದುವರಿಸಬೇಕು. ನಿವೃತ್ತ ಶಿಕ್ಷಕಿ ವ್ಯಾಯಾಮ ಬಿಟ್ಟದ್ದು ತಪ್ಪು. ವೈದ್ಯರನ್ನು ಕಾಣದಿದ್ದದ್ದು ಅದಕ್ಕಿಂತ ದೊಡ್ಡ ತಪ್ಪು. ರಕ್ತಪರೀಕ್ಷೆ ಮಾಡಿಸಿ, ಕಾರಣಕ್ಕೆ ತಕ್ಕ ಚಿಕಿತ್ಸೆ ಪಡೆದು, ಪಾದವನ್ನು ದಿನವೂ ನೋಡಿಕೊಳ್ಳುತ್ತ ಅವರು ಮತ್ತೆ ನಡೆಯತೊಡಗಬೇಕು. ಏಕೆಂದರೆ ಮಧುಮೇಹವನ್ನು ಹತೋಟಿಯಲ್ಲಿಡುವ ಮುಖ್ಯ ಸಾಧನಗಳಲ್ಲಿ ನಡಿಗೆಯೂ ಒಂದು.

ಗುರುಹಿರಿಯರ ಪಾದಗಳಿಗೆ ನಿತ್ಯ ನಮಿಸುವ ನಾವು ನಮ್ಮ ಪಾದಗಳನ್ನು ಮಾತ್ರ ನೋಡಿಕೊಳ್ಳುವುದೇ ಇಲ್ಲ. ಕಾಯಕಕ್ಕೂ ದಾಸೋಹಕ್ಕೂ ನಮ್ಮನ್ನು ಹೊತ್ತೊಯ್ಯುವುವು ಅವೇ. ಇಂದು ರಾತ್ರಿ ಮಲಗುವ ಮುನ್ನ ಮನೆಯ ಹಿರಿಯರ ಪಾದಗಳನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿರಿ. ಆರು ಬೆರಳುಗಳನ್ನು ಹಗುರವಾಗಿ ಮುಟ್ಟಿ ಕೇಳಿರಿ. ಎರಡು ನಿಮಿಷದ ಈ ಕೆಲಸ ಒಂದು ಕಾಲನ್ನು ಉಳಿಸಬಹುದು.